ಮೈನಸ್ 30ರಲ್ಲಿ ಮಂಡ್ಯದವಳ ಸಂಸಾರ

ಮೈಸೂರಿನಲ್ಲಿ ರಾತ್ರಿ 15 ಡಿಗ್ರಿಗೆ ಇಳಿದರೆ ಸಾಕು, ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಎಲ್ಲಿ ನೋಡಿದರೂ ಮಂಕಿ ಕ್ಯಾಪು. ನನ್ನ ತಲೆ ಮೇಲೂ ಒಂದು. ಕೆನಡಾದ ವಿನ್ನಿಪೆಗ್‌ನಲ್ಲಿ ಕೆಲವು ವರ್ಷ ಸಂಸಾರ ಮಾಡಿ ಬಂದವಳು ಅಂದ್ರೆ ಯಾರೂ ನಂಬಲ್ಲ. ಅಲ್ಲಿ ಜನವರಿಯಲ್ಲಿ ಮೈನಸ್ 30 ಅಂದರೆ ಯಾರೂ ಹುಬ್ಬೇರಿಸುವುದಿಲ್ಲ.

ಈಗ ನಮ್ಮ ಕುವೆಂಪುನಗರದಿಂದ ಓದಲು ಹೋಗುವ ಮಕ್ಕಳು ಬಂದು ಕೇಳುತ್ತಾರೆ, "ಆಂಟಿ, ಚಳಿ ಹೇಗೆ ತಡ್ಕೊಂಡ್ರಿ?" ಚಳಿ ತಡೆಯುವುದು ಬಟ್ಟೆಯ ಕೆಲಸ ಕಣಮ್ಮ, ಮಿಕ್ಕಿದ್ದನ್ನೆಲ್ಲ ನಾವು ತಡ್ಕೋಬೇಕು ಅನ್ನುತ್ತೇನೆ.

ಬಟ್ಟೆಯ ಲೆಕ್ಕ ಸುಲಭ. ಮೈಗೆ ಅಂಟುವ ಥರ್ಮಲ್, ಮೇಲೆ ಉಣ್ಣೆ ಅಥವಾ ಫ್ಲೀಸ್, ಹೊರಗೆ ಗಾಳಿ ತೂರದ ಜಾಕೆಟ್. ಒಳಗೆ ಹತ್ತಿ ಬನಿಯನ್ ಬೇಡ. ಬೆವರು ಹೀರಿಕೊಂಡು ಒದ್ದೆಯಾಗೇ ಉಳಿದು ಮೈ ತಣ್ಣಗೆ ಮಾಡುತ್ತದೆ. ಗ್ಲೌಸ್‌ಗಿಂತ ನಾಲ್ಕು ಬೆರಳೂ ಒಟ್ಟಿಗಿರುವ ಮಿಟನ್ ಬೆಚ್ಚಗೆ. ಬೂಟು ಸ್ವಲ್ಪ ಸಡಿಲವಾಗಿಯೇ ಇರಲಿ. ಬಿಗಿಯಾದರೆ ರಕ್ತ ಸರಿಯಾಗಿ ಓಡದೆ ಪಾದ ಇನ್ನೂ ಜಾಸ್ತಿ ತಣ್ಣಗಾಗುತ್ತದೆ.

ಮಗನನ್ನು ಸ್ಕೂಲಿಗೆ ರೆಡಿ ಮಾಡುವುದೇ ದೊಡ್ಡ ಕೆಲಸ. ಮೈನಸ್ 20ರಲ್ಲೂ ಅಲ್ಲಿ ಮಕ್ಕಳನ್ನು ಆಟಕ್ಕೆ ಹೊರಗೆ ಬಿಡುತ್ತಾರೆ. ಮೊದಲು ಸ್ನೋ ಪ್ಯಾಂಟ್, ಆಮೇಲೆ ಬೂಟು, ಜಾಕೆಟ್, ಕುತ್ತಿಗೆಗೆ ಪಟ್ಟಿ, ಟೋಪಿ, ಕೊನೆಗೆ ಮಿಟನ್. ಉತ್ಸವ ಮೂರ್ತಿಗೆ ಮಾಡಿದ ಹಾಗೆ ಅಲಂಕಾರ ಮುಗಿಸಿ ಬಾಗಿಲು ತೆಗೆದರೆ, "ಅಮ್ಮಾ, ಸೂಸು!" ಮತ್ತೆ ಎಲ್ಲ ಬಿಚ್ಚು.

ಹವಾಮಾನ ವರದಿಯಲ್ಲಿ ನಾನು ಮೊದಲು ನೋಡುತ್ತಿದ್ದುದು ವಿಂಡ್ ಚಿಲ್. ಗಾಳಿಯನ್ನೂ ಸೇರಿಸಿ ಮೈಗೆ ಎಷ್ಟು ಚಳಿ ಅನ್ನುವ ಲೆಕ್ಕ ಅದು. ಮೈನಸ್ 40 ದಾಟಿದರೆ ಮುಚ್ಚದ ಚರ್ಮ 10 ನಿಮಿಷದೊಳಗೆ ಹೆಪ್ಪುಗಟ್ಟಬಹುದು. ಒಂದು ಸಲ ಬಸ್‌ಸ್ಟಾಪಿನಲ್ಲಿ ನಮ್ಮನೆಯವರ ಕಿವಿ ತುದಿ ಬೆಳ್ಳಗಾಗಿ ಮರಗಟ್ಟಿತು. ಅಂಥ ಕಡೆ ಉಜ್ಜಬಾರದು. ಮಿಟನ್ ತೆಗೆದು ಬೆಚ್ಚಗಿನ ಅಂಗೈ ಒತ್ತಿ ಹಿಡಿದೆ. ನಿಧಾನಕ್ಕೆ ಕೆಂಪಗಾಯಿತು. ಆಮೇಲೆ ಉರಿ ಅಂದ್ರೆ ಉರಿ.

ಮನೆಯೊಳಗೆ ಬೇರೆ ಕಥೆ. ಹಗಲೂ ರಾತ್ರಿ ಹೀಟರ್ ಓಡಿ ಗಾಳಿ ಒಣಗಿ ಹೋಗುತ್ತದೆ. ತುಟಿ ಒಡೆಯುತ್ತದೆ, ಮೂಗಿನಲ್ಲಿ ರಕ್ತ ಬರುತ್ತದೆ, ಬಾಗಿಲ ಹಿಡಿ ಮುಟ್ಟಿದರೆ ಚಟ್ ಅಂತ ಶಾಕ್. ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್ ತಂದೆವು. ಒಗೆದ ಬಟ್ಟೆಯನ್ನೂ ರೂಮಿನಲ್ಲೇ ಹರವುತ್ತಿದ್ದೆ. ಮದ್ದೂರಿನಿಂದ ನಮ್ಮತ್ತೆ ಫೋನ್ ಮಾಡಿದಾಗೆಲ್ಲ, "ಮನೆಗೆ ಗಾಳಿ ಆಡ್ಬೇಕು ಕಣವ್ವ, ಕಿಟಕಿ ತೆಗಿ" ಅನ್ನೋರು. ಕಿಟಕಿಯ ಅಂಚಿನಲ್ಲಿ ಬೆರಳು ದಪ್ಪ ಮಂಜುಗಡ್ಡೆ. ತೆಗೆಯುವುದು ಎಲ್ಲಿಂದ ಬಂತು?

ಕಿಟಕಿ ಮುಚ್ಚಿದ ಮನೆಯಲ್ಲಿ ಒಗ್ಗರಣೆ ಹಾಕುವುದಕ್ಕೂ ಒಂದು ಕ್ರಮ ಬೇಕು. ಇಂಗು, ಬೆಳ್ಳುಳ್ಳಿ ವಾಸನೆ ದಪ್ಪ ಜಾಕೆಟ್ಟಿಗೆ ಹಿಡಿದರೆ ಬಿಡುವುದೇ ಇಲ್ಲ. ಆ ಜಾಕೆಟ್ಟನ್ನು ದಿನಾ ಒಗೆಯಲೂ ಆಗಲ್ಲ, ಅಲ್ವಾ? ಜಾಕೆಟ್‌ಗಳನ್ನೆಲ್ಲ ಕಪಾಟಿನಲ್ಲಿಟ್ಟು, ಕಪಾಟಿನ ಬಾಗಿಲು ಹಾಕಿ, ಎಕ್ಸಾಸ್ಟ್ ಫ್ಯಾನ್ ಆನ್ ಮಾಡಿದ ಮೇಲೆಯೇ ನಾನು ಸಾಸಿವೆ ಸಿಡಿಸುತ್ತಿದ್ದುದು. ದೋಸೆ ಹಿಟ್ಟು ಹುಳಿ ಬರಲು ಓವನ್ ಒಳಗೆ ಇಡುತ್ತಿದ್ದೆ. ಓವನ್ ಹಚ್ಚಬೇಡಿ, ಒಳಗಿನ ಲೈಟ್ ಹಾಕಿದರೆ ಸಾಕು. ಆ ಬಿಸಿಗೇ ಬೆಳಗ್ಗೆ ಹೊತ್ತಿಗೆ ಹಿಟ್ಟು ಉಬ್ಬಿರುತ್ತದೆ. ಮೊಸರಿಗೂ ಅದೇ ಜಾಗ.

ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಸುಮಾರು 8:30ಕ್ಕೆ, ಮುಳುಗುವುದು 4:30ಕ್ಕೆ. ಡಾಕ್ಟರ್ ಹೇಳಿದ ಹಾಗೆ ವಿಟಮಿನ್ ಡಿ ತಗೊಂಡೆ. ಮಧ್ಯಾಹ್ನ ಬಿಸಿಲಿದ್ದಾಗ ಒಂದು ಸುತ್ತು ನಡೆದು ಬರುತ್ತಿದ್ದೆ. ಮನಸ್ಸಿಗೆ ಮಾತ್ರೆಗಿಂತ ನಡಿಗೆಯೇ ಹಿಡಿಸಿತು.

ಕಾರುಗಳ ಮೂತಿಯಿಂದ ಅಲ್ಲಿ ಒಂದೊಂದು ಪ್ಲಗ್ ನೇತಾಡುತ್ತಿರುತ್ತದೆ. ಅದು ಎಂಜಿನ್ ಬೆಚ್ಚಗಿಡುವ ಬ್ಲಾಕ್ ಹೀಟರಿನದು. ರಾತ್ರಿ ಕರೆಂಟಿಗೆ ಸಿಕ್ಕಿಸದಿದ್ದರೆ ಬೆಳಗ್ಗೆ ಎಂಜಿನ್ ಮುನಿಸಿಕೊಳ್ಳುತ್ತದೆ. ಹಿಮ ಬಿದ್ದ ಮೇಲೆ ಕಾರು ಸ್ಟಾರ್ಟ್ ಮಾಡುವ ಮೊದಲು ಹೊಗೆ ಕೊಳವೆ ಮುಚ್ಚಿಕೊಂಡಿದೆಯಾ ಅಂತ ಬಗ್ಗಿ ನೋಡಲೇಬೇಕು. ಮುಚ್ಚಿದ್ದರೆ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷದ ಅನಿಲ ಒಳಗೆ ಸೇರುತ್ತದೆ. ಅದಕ್ಕೆ ವಾಸನೆಯೂ ಇಲ್ಲ.

ವಿನ್ನಿಪೆಗ್‌ನ ನಡುವೆ ರೆಡ್ ಮತ್ತು ಅಸ್ಸಿನಿಬೊಯಿನ್ ಅನ್ನುವ ಎರಡು ನದಿ ಕೂಡುತ್ತವೆ. ಶ್ರೀರಂಗಪಟ್ಟಣದ ಸಂಗಮದಲ್ಲಿ ಮುಳುಗೆದ್ದು ಬೆಳೆದ ನನಗೆ ಅಲ್ಲಿಯ ಹೆಪ್ಪುಗಟ್ಟಿದ ಸಂಗಮದ ಮೇಲೆ ಬೂಟು ಹಾಕಿಕೊಂಡು ನಿಲ್ಲುವುದಕ್ಕೇ ಮುಜುಗರ. ಮಂಜುಗಡ್ಡೆ ಸಾಕಷ್ಟು ದಪ್ಪಗಾಗಿದೆ ಅಂತ ಅಳೆದು ನೋಡಿದ ಮೇಲೆಯೇ ಜನರನ್ನು ಬಿಡುತ್ತಾರೆ. ನನ್ನ ಪಕ್ಕದಲ್ಲೇ ಮಕ್ಕಳು ಸ್ಕೇಟಿಂಗ್ ಮಾಡಿಕೊಂಡು ಹೋಗುತ್ತಿದ್ದವು. ನಾನು ಮಾತ್ರ ಪೂರ್ತಿ ಭಾರ ಊರದೆ, ಮನಸ್ಸಿನಲ್ಲೇ ಕಾವೇರಮ್ಮನನ್ನು ನೆನೆಯುತ್ತಾ ದಾಟಿದೆ.

ಎಲ್ಲಕ್ಕಿಂತ ಕೆಟ್ಟ ತಿಂಗಳು ಯಾವುದು ಅಂದರೆ ನಾನು ಮಾರ್ಚ್ ಅನ್ನುತ್ತೇನೆ. ಹಗಲು ಕರಗಿದ ಹಿಮ ರಾತ್ರಿ ಗಾಜಿನ ಹಾಗೆ ಗಟ್ಟಿಯಾಗುತ್ತದೆ, ಬೆಳಗ್ಗೆ ಕಣ್ಣಿಗೂ ಕಾಣಲ್ಲ. ಆಗ ಜೇಬಿನಿಂದ ಕೈ ಹೊರಗೆ ಇರಬೇಕು, ಹೆಜ್ಜೆ ಚಿಕ್ಕದಿರಬೇಕು, ಪಾದ ಪೂರ್ತಿ ಊರಬೇಕು. ಬೂಟಿಗೆ ಸಿಕ್ಕಿಸುವ ಮುಳ್ಳಿನ ಪಟ್ಟಿ ಸಿಗುತ್ತದೆ, ತಗೊಳ್ಳಿ.

ಹೊರಡುವವರು ದಪ್ಪ ಜಾಕೆಟ್ಟನ್ನು ಇಲ್ಲಿ ಕೊಳ್ಳಬೇಡಿ. ಅಲ್ಲಿಯ ಚಳಿಗೆ ಅಲ್ಲಿಯದೇ ಸರಿ. ವಿಮಾನ ಇಳಿದು ಮನೆ ಮುಟ್ಟುವವರೆಗೆ ಯಾರದ್ದಾದರೂ ಎರವಲು ತಗೊಂಡು ಹೋಗಿ. ಸೂಟ್‌ಕೇಸಿನಲ್ಲಿ ಉಳಿದ ಜಾಗಕ್ಕೆ ಅಮ್ಮನ ಕೈಯ ಸಾರಿನ ಪುಡಿ ತುಂಬಿಸಿ.