ಫಿಲಡೆಲ್ಫಿಯಾದಲ್ಲಿ ಶಾಲೆಯ ರೇಟಿಂಗ್ ನೋಡುವ ಮುಂಚೆ

ಫಿಲಡೆಲ್ಫಿಯಾಕ್ಕೆ ಹೊಸದಾಗಿ ಬರುವ ನಮ್ಮವರು ಮನೆ ಹುಡುಕುವಾಗ ಮೊದಲು ನೋಡುವುದು ಶಾಲೆಯ ರೇಟಿಂಗ್. ಸಿಟಿಯಲ್ಲಿ ಕಡಿಮೆ, ಸಿಟಿ ಅವೆನ್ಯೂ ದಾಟಿ ಪಕ್ಕದ ಊರು ಲೋವರ್ ಮೇರಿಯನ್‌ಗೆ ಹೋದರೆ ಜಾಸ್ತಿ. ನಡುವೆ ಇರುವುದು ಒಂದೇ ರಸ್ತೆ. ಮೇಷ್ಟ್ರುಗಳು ಅಷ್ಟು ಬೇರೆಯಾ? ಇಲ್ಲ, ದುಡ್ಡು ಬೇರೆ.

ನಮ್ಮೂರಲ್ಲಿ ಸರ್ಕಾರಿ ಶಾಲೆಯ ಸಂಬಳ ರಾಜ್ಯದ ಖಜಾನೆಯಿಂದ ಬರುತ್ತದೆ. ಜಯನಗರವಾಗಲಿ, ಜೇವರ್ಗಿಯಾಗಲಿ, ಊರಿನ ಮನೆ ಕಂದಾಯಕ್ಕೂ ಮೇಷ್ಟ್ರ ಸಂಬಳಕ್ಕೂ ಸಂಬಂಧವಿಲ್ಲ. ಫಿಲಡೆಲ್ಫಿಯಾ ಇರುವ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಹಾಗಲ್ಲ. ಇಲ್ಲಿ 500 ಸ್ಕೂಲ್ ಡಿಸ್ಟ್ರಿಕ್ಟ್‌ಗಳಿವೆ, ಅಂದರೆ ಆಯಾ ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆಗಳು. ಖರ್ಚಿನ ದೊಡ್ಡ ಪಾಲು ಆಯಾ ಊರಿನ ತೆರಿಗೆಯಿಂದ, ಅದರಲ್ಲೂ ಮನೆ ತೆರಿಗೆಯಿಂದ ಬರಬೇಕು. ದುಬಾರಿ ಮನೆಗಳಿರುವ ಕಡೆ ಕಡಿಮೆ ದರಕ್ಕೇ ಬೇಕಾದಷ್ಟು ಹಣ ಸೇರುತ್ತದೆ. ಬಡವರ ಊರಲ್ಲಿ ದರ ಏರಿಸಿದರೂ ಸಾಲುವುದಿಲ್ಲ.

ಫಿಲಡೆಲ್ಫಿಯಾ ಡಿಸ್ಟ್ರಿಕ್ಟ್‌ಗಂತೂ ತಾನಾಗಿ ತೆರಿಗೆ ಹಾಕುವ ಅಧಿಕಾರವೇ ಇಲ್ಲ. ಸಿಟಿ ಕೌನ್ಸಿಲ್ ಮತ್ತು ರಾಜ್ಯ ಸರ್ಕಾರದ ಮುಂದೆ ಪ್ರತಿ ವರ್ಷ ಕೈಯೊಡ್ಡಬೇಕು. 2014ರಲ್ಲಿ ಶಾಲೆಗಳಿಗಾಗಿ ಸಿಗರೇಟ್ ಪ್ಯಾಕಿಗೆ 2 ಡಾಲರ್ ತೆರಿಗೆ ಹಾಕುವುದಕ್ಕೂ ರಾಜ್ಯದ ಒಪ್ಪಿಗೆ ಬೇಕಾಯಿತು. ಅದರ ಹಿಂದಿನ ವರ್ಷ ಹಣವಿಲ್ಲದೆ 20ಕ್ಕೂ ಹೆಚ್ಚು ಶಾಲೆಗಳನ್ನು ಮುಚ್ಚಿದ್ದರು. ಸುಮಾರು 3,800 ಜನರಿಗೆ ಕೆಲಸದಿಂದ ತೆಗೆಯುವ ನೋಟಿಸ್ ಹೋಗಿತ್ತು. ಮಕ್ಕಳಿಗೆ ಓದಿನ, ಕಾಲೇಜಿನ ದಾರಿ ಹೇಳುವ ಕೌನ್ಸೆಲರ್‌ಗಳು, ಅಸಿಸ್ಟೆಂಟ್ ಪ್ರಿನ್ಸಿಪಾಲ್‌ಗಳು, ಊಟದ ಹೊತ್ತಿಗೆ ಮಕ್ಕಳನ್ನು ನೋಡಿಕೊಳ್ಳುವವರು ಎಲ್ಲರೂ ಅದರಲ್ಲಿದ್ದರು. ಕೆಲವರನ್ನು ಆಮೇಲೆ ವಾಪಸ್ ಕರೆದರು, ನಿಜ. ಆದರೆ ಆ ನಡುವೆ ಕಾಲೇಜಿಗೆ ಅರ್ಜಿ ಹಾಕಬೇಕಿದ್ದ ಮಗು ಯಾರನ್ನು ಕೇಳಬೇಕಿತ್ತು?

2023ರ ಫೆಬ್ರವರಿಯಲ್ಲಿ ರಾಜ್ಯದ ಕಾಮನ್‌ವೆಲ್ತ್ ಕೋರ್ಟ್ ಶಾಲೆಗಳಿಗೆ ಹಣ ಒದಗಿಸುವ ಈ ಪದ್ಧತಿ ರಾಜ್ಯದ ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಕೊಟ್ಟಿತು. ಸರಿಪಡಿಸುವ ದಾರಿ ಹುಡುಕುವುದನ್ನು ಮಾತ್ರ ಸರ್ಕಾರಕ್ಕೂ ಶಾಸಕರಿಗೂ ಬಿಟ್ಟಿತು.

ಹಾಗಾಗಿ ರೇಟಿಂಗ್ ನೋಡಿ ಸುಮ್ನೆ ಬಿಡಬೇಡಿ. ಶಾಲೆಗೇ ಹೋಗಿ ಕೇಳಿ: ನರ್ಸ್ ದಿನಾ ಇರುತ್ತಾರಾ? ಒಬ್ಬ ಕೌನ್ಸೆಲರ್‌ಗೆ ಎಷ್ಟು ಮಕ್ಕಳು? ಸಂಗೀತದ ಮೇಷ್ಟ್ರು ಇದ್ದಾರಾ? ಲೈಬ್ರರಿ ತೆರೆದಿರುತ್ತದಾ?

ಬಾಡಿಗೆ ಮನೆಯವರೂ ಈ ಮನೆ ತೆರಿಗೆ ಕಟ್ಟುತ್ತಿದ್ದೀರಿ, ಬಾಡಿಗೆಯೊಳಗೇ ಅದು ಸೇರಿರುತ್ತದೆ. ಶಾಲೆಗಳ ಬಜೆಟ್ ವರ್ಷ ಶುರುವಾಗುವುದು ಜುಲೈ 1ಕ್ಕೆ, ಚರ್ಚೆ ನಡೆಯುವುದು ಅದಕ್ಕೂ ಮುಂಚಿನ ತಿಂಗಳುಗಳಲ್ಲಿ. ಸಿಟಿಯ ಶಾಲಾ ಮಂಡಳಿಯ ಒಂಬತ್ತು ಸದಸ್ಯರನ್ನು ಮೇಯರ್ ಆರಿಸುತ್ತಾರೆ, ಸುತ್ತಲಿನ ಊರುಗಳಲ್ಲಿ ಜನರೇ ಓಟು ಹಾಕುತ್ತಾರೆ. ವೀಸಾದಲ್ಲಿರುವವರಿಗೆ ಓಟಿಲ್ಲ. ಆದರೆ ಮಂಡಳಿಯ ಸಭೆಯಲ್ಲಿ ಮಾತಾಡುವುದಕ್ಕೆ ಪೌರತ್ವ ಬೇಕಿಲ್ಲ, ಮುಂಚೆಯೇ ಹೆಸರು ಕೊಟ್ಟಿರಬೇಕು ಅಷ್ಟೇ.