ಕೊರಡು ಎಳೆದ ರಾಗಿ ಹೊಲ

ರಾಗಿ ಪೈರಿನ ಮೇಲೆ ಮೊದಲ ಸಲ ಕೊರಡು ಎಳೆಸಿದಾಗ ಅಮ್ಮ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. "ದನ ನುಗ್ಗಿದ್ರೆ ಕೋಲು ಹಿಡ್ಕೊಂಡು ಓಡ್ತೀವಿ. ನೀನೇ ಎತ್ತು ಕಟ್ಟಿ ಮಲಗಿಸ್ತಿದೀಯಲ್ಲೋ!"

ನಮ್ಮದು ತುಮಕೂರು ಕಡೆಯ ಕೆಂಪು ಹೊಲ, ಮಳೆ ಬಂದರೆ ಬೆಳೆ. ಅಲ್ಲಿವರೆಗೆ ರಾಗಿ ಎರಚುತ್ತಿದ್ದೆವು. ಹಾವೇರಿ ಕಡೆಯ ಗುಳಿ ರಾಗಿ ನೋಡಿಕೊಂಡು ಬಂದು ಕಾಲು ಎಕರೆಗೆ ಹಾಗೇ ಹಾಕಿದೆ. ಒಂದೂವರೆ ಅಡಿಗೊಂದು ಸಾಲು, ಅದಕ್ಕೆ ಅಡ್ಡ ಮತ್ತೊಂದು. ಸಾಲು ಕೂಡುವಲ್ಲಿ ಗುಳಿ, ಗುಳಿಗೊಂದು ಹಿಡಿ ಕೊಟ್ಟಿಗೆ ಗೊಬ್ಬರ, 20-25 ದಿನದ ಎರಡು ಪೈರು. ನಾಟಿ ಮುಗಿದಾಗ ಹೊಲ ಬೋಳು ಬೋಳು.

ನಾಟಿಯಾಗಿ ಇಪ್ಪತ್ತನೇ ದಿನ ಕೊರಡು. ಹಗುರವಾದ ಮರದ ದಿಮ್ಮಿ ಅಷ್ಟೇ. ಎತ್ತು ಎಳೆದ ಹಾಗೆ ಪೈರೆಲ್ಲ ಒಂದೇ ಕಡೆಗೆ ಮಲಗಿತು. ನನಗೂ ಹೊಟ್ಟೆ ಕಿವುಚಿತು. ನಾಲ್ಕನೇ ದಿನ ಬೆಳಿಗ್ಗೆ ಕುಕ್ಕರುಗಾಲಲ್ಲಿ ಕೂತು ನೋಡಿದೆ. ಎಲೆಗೆ ಮೆತ್ತಿದ ಮಣ್ಣು ಹಾಗೇ ಇತ್ತು, ತುದಿ ಮಾತ್ರ ಮೇಲಕ್ಕೆ ತಿರುಗಿತ್ತು. ಇನ್ನೊಂದು ವಾರಕ್ಕೆ ಬುಡದಿಂದ ಮರಿ ಪೈರು ಹೊರಟವು. ತೆಂಡೆ ಅಂತೀವಿ ನಾವು. ವಾರಕ್ಕೊಂದು ಸಲದಂತೆ ಇನ್ನೆರಡು ಸಲ ಎಳೆಸಿದೆ. ಕೊನೆಗೆ ಒಂದು ಗುಳಿಯಲ್ಲಿ 34 ತೆಂಡೆ ಎಣಿಸಿದೆ. ನಂಬಿಕೆ ಬರದೆ ಮತ್ತೆ ಎಣಿಸಿದೆ.

ಒಂದು ಮೂಲೆ ಮಾತ್ರ ಉಳಿದುಬಿಟ್ಟಿತ್ತು. ಮಳೆ ಹಿಡಿಯಿತು, ಆಮೇಲೆ ಎತ್ತು ಸಿಗಲಿಲ್ಲ. ನಾಟಿಯಾಗಿ ಎರಡು ತಿಂಗಳ ಹತ್ತಿರ ಬಂದಾಗ ಅಲ್ಲಿಗೂ ಕೊರಡು ಹಾಕಿಸಿದೆ. ಅಷ್ಟೊತ್ತಿಗೆ ದಂಟು ಗಿಣ್ಣು ಬಿಟ್ಟು ಎದ್ದಿತ್ತು. ಲಟಲಟ ಮುರಿಯಿತು. ಆ ಮೂಲೆ ಏಳಲೇ ಇಲ್ಲ.

ಕಷ್ಟ ಬಿದ್ರೇನೇ ಮಕ್ಕಳು ಗಟ್ಟಿಯಾಗೋದು ಅಂತ ನಾನೂ ಜಾಸ್ತಿ ಹೇಳುತ್ತಿದ್ದವನು. ಈಗ ಅಷ್ಟು ಸಲೀಸಾಗಿ ಬಾಯಿಗೆ ಬರಲ್ಲ. ಎದ್ದ ಪೈರಿಗೆ ಮೊದಲೇ ಗೊಬ್ಬರ ಸಿಕ್ಕಿತ್ತು, ಸುತ್ತ ಜಾಗ ಇತ್ತು, ಬುಡದಲ್ಲಿ ಹಸಿ ಇತ್ತು, ವಯಸ್ಸೂ ಎಳೆಯದು. ಅದನ್ನೆಲ್ಲ ಬಿಟ್ಟು ಸುಮ್ನೆ ಕೊರಡನ್ನು ಹೊಗಳಿದರೆ ಹೇಗೆ, ಅಲ್ವಾ? ಆ ವರ್ಷ ಮಗ ಪಿಯುಸಿಯಲ್ಲಿ ಒಂದು ವಿಷಯದಲ್ಲಿ ಫೇಲಾಗಿ ಮನೆಗೆ ಬಂದ. ಬೈಯೋಕೆ ಬಾಯಿ ತೆರೆದವನು, ಮೊದಲು ಊಟ ಮಾಡು ಅಂದೆ.

ಕಣದಲ್ಲಿ ತೆನೆ ರಾಶಿ ನೋಡಿದ ಮೇಲೂ ಅಮ್ಮ ಕೊರಡಿನ ಸುದ್ದಿ ಎತ್ತಲಿಲ್ಲ. ಮರುವರ್ಷ ನಾಟಿಯಾಗಿ ಹದಿನೈದು ದಿನ ಆಗಿತ್ತು. ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತವಳು ತಲೆ ಎತ್ತದೆ ಕೇಳಿದಳು, "ಎತ್ತಿನವನಿಗೆ ಹೇಳಿದೀಯೇನೋ?"