ಊರಿಗೆ ಹೋದವರ ಮನೆಯನ್ನು ಬೀದಿಯವರೇ ಕಾಯುವುದು ಹೇಗೆ

ಮನೆ ಖಾಲಿ ಇದೆ ಎಂದು ಕಳ್ಳನಿಗೆ ಸಾರುವುದು ಬೀಗವೊಂದೇ ಅಲ್ಲ. ರಂಗೋಲಿ ಕಾಣದ ಹೊಸ್ತಿಲು, ಗೇಟಿನೊಳಗೆ ಬಿದ್ದಿರುವ ಎರಡು ದಿನದ ಪೇಪರ್, ಹಟ್ಟ ಹಗಲಲ್ಲೂ ಉರಿಯುತ್ತಿರುವ ಬಲ್ಬು. ಬೈಕಿನಲ್ಲಿ ಒಂದು ಸುತ್ತು ಹಾಕಿದರೆ ಸಾಕು, ಎಲ್ಲ ಗೊತ್ತಾಗುತ್ತದೆ. ಈ ಗುರುತುಗಳನ್ನು ಅಳಿಸುವುದು ಊರಿಗೆ ಹೋದವರಿಂದ ಆಗದು, ಅಕ್ಕಪಕ್ಕದವರಿಂದ ಮಾತ್ರ ಆದೀತು.

ಒಂದು ಕ್ರಾಸಿನ 15–20 ಮನೆ ಸೇರಿದರೆ ಸಾಕು. ಬಡಾವಣೆಯನ್ನೆಲ್ಲ ಒಂದೇ ವಾಟ್ಸಾಪ್ ಗುಂಪಿಗೆ ಸೇರಿಸಿದರೆ ಶುಭೋದಯದ ಹೂವುಗಳ ನಡುವೆ ಎಚ್ಚರಿಕೆಯ ಸಂದೇಶ ಹೂತುಹೋಗುತ್ತದೆ. ಕಾವಲಿನ ಗುಂಪಿನಲ್ಲಿ ಕಾವಲಿನ ಮಾತು ಬಿಟ್ಟು ಬೇರೆ ಬೇಡ.

ಪ್ರತಿ ಮನೆಗೂ ಇಬ್ಬರನ್ನು ಗೊತ್ತುಮಾಡಿ: ಎದುರು ಮನೆಯವರೊಬ್ಬರು, ಹಿಂಭಾಗಕ್ಕೆ ತಾಗಿದ ಮನೆಯವರೊಬ್ಬರು. ಎದುರಿನವರಿಗೆ ಮುಂಬಾಗಿಲು ಕಾಣುತ್ತದೆ. ಹಿತ್ತಲ ಬಾಗಿಲು ಮೀಟುವ ಸದ್ದು ಹಿಂದಿನವರಿಗೇ ಕೇಳಬೇಕು. ಬೆಳಗ್ಗೆ ಬಾಗಿಲಿಗೆ ನೀರು ಹಾಕಿ ನಾಲ್ಕು ಎಳೆ ರಂಗೋಲಿ, ಪೇಪರ್ ಎತ್ತಿಡುವುದು, ಸಂಜೆ ದೀಪ ಹಾಕಿ ಬೆಳಗ್ಗೆ ಆರಿಸುವುದು, ಹಗ್ಗದ ಮೇಲಿನ ಟವೆಲ್ಲನ್ನು ಎರಡು ದಿನಕ್ಕೊಮ್ಮೆ ಬದಲಿಸುವುದು. ಇಷ್ಟೇ ಕೆಲಸ. ಹಾಲು ನಿಲ್ಲಿಸುವ ಬದಲು ಪಕ್ಕದವರೇ ತೆಗೆದುಕೊಳ್ಳಲಿ. ‘ಹತ್ತು ದಿನ ಹಾಲು ಬೇಡ’ ಎಂಬ ಮಾತು ಎಷ್ಟು ಕಿವಿಗೆ ಬೀಳುತ್ತದೋ ಹೇಳಲಾಗದು.

ಹೊರಗೆ ತೂಗುವ ಬೀಗಕ್ಕಿಂತ ಬಾಗಿಲಿನೊಳಗೇ ಕೂರುವ ಲಾಕ್ ವಾಸಿ. ಬೀಗ ಎಷ್ಟೇ ದುಬಾರಿಯಾಗಿದ್ದರೂ ಚಿಲಕವನ್ನು ಅರ್ಧ ಇಂಚಿನ ಸ್ಕ್ರೂ ಹಿಡಿದಿದ್ದರೆ ಕಬ್ಬಿಣದ ಸಲಾಕೆಯಿಂದ ಒಮ್ಮೆ ಮೀಟಿದರೆ ಬೀಗದ ಸಮೇತ ಕಿತ್ತುಬರುತ್ತದೆ. ಒಂದು ಸ್ಕ್ರೂ ಬಿಚ್ಚಿ ನೋಡಿ, ಗಿಡ್ಡವಾಗಿದ್ದರೆ ಎರಡು ಇಂಚಿನದು ಹಾಕಿಸಿ. ಬೀದಿಗೆ ಗಸ್ತು ಬರುವ ಬೀಟ್ ಪೊಲೀಸರ ನಂಬರ್ ಗುಂಪಿನ ಎಲ್ಲರ ಬಳಿಯೂ ಇರಲಿ. ಹೊರಡುವ, ಮರಳುವ ದಿನಾಂಕ ಠಾಣೆಗೂ ಗೊತ್ತಿರಲಿ.

ಕ್ಯಾಮೆರಾವನ್ನು ಎರಡನೇ ಮಹಡಿಗೆ ಕಟ್ಟಿದರೆ ಬರೀ ಟೋಪಿ ಕಾಣುತ್ತದೆ. ಗೇಟಿನ ಮೇಲೆ ನೋಟ ಬೀಳುವಂತೆ 8–9 ಅಡಿ ಎತ್ತರದಲ್ಲಿರಲಿ. ಲೆನ್ಸ್ ಮುಂದಿನ ಜೇಡರ ಬಲೆ ರಾತ್ರಿ ಇನ್‌ಫ್ರಾರೆಡ್ ಬೆಳಕಿಗೆ ಹೊಳೆದು ಚಿತ್ರವೆಲ್ಲ ಬಿಳಿಚಿಕೊಳ್ಳುತ್ತದೆ, ತಿಂಗಳಿಗೊಮ್ಮೆ ಒರೆಸಿ. ಸೆಕೆಂಡಿಗೆ 2 ಮೆಗಾಬಿಟ್ (ಎಂಬಿಪಿಎಸ್) ದರದಲ್ಲಿ ರೆಕಾರ್ಡ್ ಮಾಡುವ ಒಂದು ಕ್ಯಾಮೆರಾ ದಿನಕ್ಕೆ ಸುಮಾರು 21 ಜಿಬಿ ತಿನ್ನುತ್ತದೆ. ನಾಲ್ಕು ಕ್ಯಾಮೆರಾಗೆ 1 ಟಿಬಿ ಡಿಸ್ಕ್ ಹನ್ನೊಂದು ದಿನವಷ್ಟೇ. ದೃಶ್ಯಗಳನ್ನು ದಾಖಲಿಸುವ ಪೆಟ್ಟಿಗೆ, ಅಂದರೆ ಡಿವಿಆರ್, ಟಿವಿ ಪಕ್ಕದಲ್ಲಿದ್ದರೆ ಕಳ್ಳ ಅದನ್ನೂ ಹೊತ್ತೊಯ್ಯುತ್ತಾನೆ, ಅಟ್ಟದ ಮೇಲಿಡಿ. ಅದರ ಗಡಿಯಾರ ಹಿಂದೆ ಬಿದ್ದಿದೆಯೇ ಎಂದೂ ನೋಡಿ.

ಅನುಮಾನ ಬಂದರೆ ಮೊದಲು ತುರ್ತು ಸಂಖ್ಯೆ 112, ಆಮೇಲೆ ಗುಂಪು. ‘ಯಾರೋ ಓಡಾಡ್ತಿದ್ದಾರೆ’ ಎಂದು ಬರೆದರೆ ಹತ್ತು ಜನ ‘ಎಲ್ಲಿ?’ ಎಂದು ಕೇಳುತ್ತಾರೆ, ಅಷ್ಟರಲ್ಲಿ ಅವನು ಮೇನ್ ರೋಡ್ ಸೇರಿರುತ್ತಾನೆ. ಹೀಗೆ ಬರೆಯಿರಿ: ‘ರಾತ್ರಿ 1.40, 3ನೇ ಕ್ರಾಸ್ ಮೂಲೆ ಮನೆ, ಇಬ್ಬರು ಕಾಂಪೌಂಡ್ ಹಾರಿದರು, ಕಪ್ಪು ಬೈಕ್, ನಂಬರ್ ಪ್ಲೇಟ್ ಇಲ್ಲ, ಪಾರ್ಕಿನ ಕಡೆ. 112ಗೆ ಹೇಳಿದ್ದೇನೆ.’

ಇಂಥ ಗುಂಪುಗಳು ಕೆಡುವುದು ನಿದ್ದೆಯಿಂದಲ್ಲ, ಅತಿ ಉತ್ಸಾಹದಿಂದ. ಆ ವ್ಯಕ್ತಿ ಮಾಡಿದ್ದನ್ನು ಬರೆಯಿರಿ, ಬಟ್ಟೆ, ಭಾಷೆ, ಕಸುಬು ನೋಡಿ ಅನುಮಾನಿಸಬೇಡಿ. ಅಪರಿಚಿತರ ಫೋಟೊಗೆ ‘ಕಳ್ಳ’ ಎಂದು ಬರೆದು ಹಂಚಲೇಬೇಡಿ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿ ನಂಬಿದ ಗುಂಪು ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಹೊಡೆದು ಕೊಂದಿತು. ಕಣ್ಣೆದುರೇ ಗಂಭೀರ ಅಪರಾಧ ಮಾಡಿದವನನ್ನು ಹಿಡಿಯಲು ಸಾಮಾನ್ಯರಿಗೂ ಕಾನೂನು ಅವಕಾಶ ಕೊಡುತ್ತದೆ. ಆದರೆ 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಮಿನಂತೆ ಅವನನ್ನು ತಡಮಾಡದೆ, ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಲೇಬೇಕು. ಕಂಬಕ್ಕೆ ಕಟ್ಟಿ ಹೊಡೆದರೆ ಜೈಲಿಗೆ ಹೋಗುವವರು ನೀವು.

ಕಳ್ಳತನ ಆಗಿಯೇ ಹೋಗಿದ್ದರೆ ಬೀದಿಯವರೆಲ್ಲ ಒಳಗೆ ನುಗ್ಗಿ ಬೀರು ನೋಡುವುದು ಬೇಡ. ಒಬ್ಬರು ಗೇಟಿನಲ್ಲಿ ನಿಂತು ಪೊಲೀಸರ ಬೆರಳಚ್ಚು ತಜ್ಞರು ಬರುವ ತನಕ ಯಾರನ್ನೂ ಒಳಗೆ ಬಿಡದಿರಲಿ. ಇನ್ನೊಬ್ಬರು ಅಂದೇ ಎಲ್ಲ ಮನೆಗಳ ಕ್ಯಾಮೆರಾ ದೃಶ್ಯಗಳನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಲಿ.